ಆರೋ, ಒಂಬತ್ತೋ

ಉಳಿಯಜ್ಜನಿಗೆ ಮೂರು ದಿನದಿಂದ ಮೈಯೆಲ್ಲ ಉರಿ. ಊಟ ಕಂಡರೆ ಸಿಟ್ಟು, ಹಾಸಿಗೆ ಕಂಡರೆ ಸಿಟ್ಟು, ಎದುರಿಗೆ ಸಿಕ್ಕವರ ಪಾಡಂತೂ ಕೇಳಲೇಬೇಡಿ. ಇಷ್ಟಕ್ಕೆಲ್ಲ ಕಾರಣ ಒಂದು ಕಲ್ಲಿನ ಚಪ್ಪಡಿ.

ಊರಿನ ಶಿವನ ಗುಡಿ ಎಷ್ಟು ಹಳೆಯದೋ ಯಾರಿಗೂ ಸರಿಯಾಗಿ ತಿಳಿಯದು. ಒಂದು ಮಗ್ಗುಲು ಕುಸಿದಿತ್ತು. ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಅಡಿಪಾಯ ಗಟ್ಟಿ ಮಾಡಿ, ಇದ್ದಹಾಗೇ ಮತ್ತೆ ಜೋಡಿಸುವ ಕೆಲಸ ಅಜ್ಜನದು. ಅಲ್ಲಿಯವರೆಗೆ ಶಿವನ ವಾಸ ಪಕ್ಕದ ತಗಡಿನ ಶೆಡ್ಡಿನಲ್ಲಿ. ಅಜ್ಜ ಹದಿನಾಲ್ಕನೇ ವಯಸ್ಸಿಗೆ ಉಳಿ ಹಿಡಿದವನು. ಮೊದಮೊದಲು ಒರಳು, ಹೊಸಿಲು, ಮೆಟ್ಟಿಲು ಅಂತ ಸಿಕ್ಕಿದ್ದನ್ನೆಲ್ಲ ಕಡೆದ. ಆಮೇಲೆ ಹಳೇ ಗುಡಿಗಳ ಕೆಲಸಕ್ಕೇ ನಿಂತುಬಿಟ್ಟ. ಏಳು ಗುಡಿ ಬಿಚ್ಚಿ ಕಟ್ಟಿದ್ದಾನೆ, ಒಂದು ಹಳೇ ಕಲ್ಲಿಗೂ ಉಳಿ ತಾಗಿಸಿಲ್ಲ. ಇದನ್ನು ದಿನಕ್ಕೆರಡು ಸಲ ಹೇಳದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ.

ಬಿಚ್ಚುವಾಗ ಒಂದೊಂದು ಕಲ್ಲಿನ ಕಲೆ, ಒಡಕು, ಮೂಲೆಗಳನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ, ಪಕ್ಕದಲ್ಲಿ ಕನ್ನಡ ಅಂಕಿಯಲ್ಲಿ ನಂಬರ್ ಬರೆಯುವವನು ಅಜ್ಜ. ಅದನ್ನು ನೋಡಿ ಕಲ್ಲಿನ ಮೇಲೆ ಬಣ್ಣದಲ್ಲಿ ಬರೆಯುವವಳು ಸೊಸೆ. ಗೋಡೆ ಎದ್ದಿತು, ಕಂಬ ನಿಂತವು, ತೊಲೆ ಕೂತವು. ಮೇಲ್ಚಾವಣಿಯ ಒಂಬತ್ತು ಖಾನೆಗೆ ಒಂಬತ್ತು ಚಪ್ಪಡಿ. ಐದು ಸಲೀಸಾಗಿ ಇಳಿದವು. ಆರನೆಯದು ಖಾನೆಗಿಂತ ಒಂದು ಬೆರಳು ಹೆಚ್ಚು ಅಗಲ; ಏನು ಮಾಡಿದರೂ ಇಳಿಯದು.

ಅಜ್ಜ ತೊಲೆ ಅಳೆದ, ತೂಕದ ಗುಂಡು ಬಿಟ್ಟು ಕಂಬ ನೋಡಿದ, ಮತ್ತೆ ತೊಲೆ ಅಳೆದ. ಎಲ್ಲಾ ಸರಿಯಾಗೇ ಇತ್ತು. ಅದೇ ಅವನ ಹೊಟ್ಟೆಗೆ ಕಿಚ್ಚಿಟ್ಟದ್ದು.

"ಅಜ್ಜ, ಶಿವ ತಗಡಿನ ಕೆಳಗೆ ಬೇಯ್ತಾ ಇದಾನೆ. ಒಂದು ಬೆರಳು ತಾನೇ? ಅಂಚು ಕೆತ್ತಿಬಿಡಿ," ಅಂದರು ಕೆಲಸದ ಉಸ್ತುವಾರಿ ನೋಡುತ್ತಿದ್ದ ಇಂಜಿನಿಯರು.

"ಇಷ್ಟು ಕಾಲ ಇಲ್ಲೇ ಕೂತಿದ್ದ ಕಲ್ಲು ರೀ! ಇದ್ದಕ್ಕಿದ್ದಂಗೆ ದಪ್ಪ ಆಗೋಕೆ ಇದೇನು ಮದುವೆ ಮನೇಲಿ ಉಂಡ್ಕೊಂಡು ಬಂದಿದ್ಯಾ?"

"ನನಗೇನು ಗೊತ್ತು? ನೀವು ಕೆತ್ತದಿದ್ರೆ ನಾಳೆ ಮಷೀನ್ ತರಿಸಿ ಕೊಯ್ಸ್ತೀನಿ."

ಮಷೀನು ಅನ್ನುವ ಮಾತು ಕೇಳಿ ಅಜ್ಜ ಉಳಿ ಕೈಗೆತ್ತಿಕೊಂಡ. ಮಷೀನಿನ ಬಾಯಿಗೆ ಕೊಡುವುದಕ್ಕಿಂತ ತನ್ನ ಕೈಯೇ ವಾಸಿ ಎಂದು ಹಲ್ಲು ಕಚ್ಚಿ ಕೂತ. ಸಂಜೆಯ ಹೊತ್ತಿಗೆ ಬೆರಳಗಲದ ಅಂಚು ಚೂರುಚೂರಾಗಿ ಉದುರಿ, ಚಪ್ಪಡಿ ಆರನೇ ಖಾನೆಯಲ್ಲಿ ತೆಪ್ಪಗೆ ಕೂತಿತು. ಸೊಸೆ ಚೂರುಗಳನ್ನು ಗುಡಿಸಿ ಬುಟ್ಟಿಗೆ ತುಂಬಿದಳು. ಅಜ್ಜ ಉಳಿ ಒರೆಸಿಕೊಂಡು ಮನೆಗೆ ಹೋದ.

ಮರುದಿನ ಏಳು ಇಳಿಯಿತು, ಎಂಟೂ ಇಳಿಯಿತು. ಒಂಬತ್ತನ್ನು ಇಳಿಸಿ ನೋಡಿದರೆ ಒಂದು ಬದಿಯಲ್ಲಿ ಬೆರಳಗಲ ಆಕಾಶ!

ಅಜ್ಜ ಸಂದಿಗೆ ಬೆರಳಿಟ್ಟು ನೋಡಿದ. ಅಲ್ಲಿ ಒಂದು ಬೆರಳು ಹೆಚ್ಚು, ಇಲ್ಲಿ ಒಂದು ಬೆರಳು ಕಮ್ಮಿ. ಎರಡೂ ಅದಲು ಬದಲಾಗಿವೆ! ಒಂಬತ್ತರ ಚಪ್ಪಡಿಯನ್ನು ಆರು ಅಂದುಕೊಂಡು ಕೆತ್ತಿ ಹಾಳು ಮಾಡಿದ್ದಾನೆ.

"ಏನಮ್ಮಾ ನೀನು, ಕಣ್ಣು ಎಲ್ಲಿಟ್ಟಿದ್ದೆ? ಓದು ಬರಹ ಕಲಿತವಳು ಅಂತ ಕೈಗೆ ಬಣ್ಣ ಕೊಟ್ರೆ ನನ್ನ ಮರ್ಯಾದೆ ಮಣ್ಣುಪಾಲು ಮಾಡಿದ್ಯಲ್ಲ!"

ಸೊಸೆ ನೋಟ್‌ಬುಕ್ಕು ತಂದು, ಒಂದು ಅಂಕಿಯ ಮೇಲೆ ಬೆರಳಿಟ್ಟಳು.

"ಇದು ಆರೋ, ಒಂಬತ್ತೋ, ನೀವೇ ಓದಿ ಮಾವ."

ಅಜ್ಜ ಪುಟವನ್ನು ಹತ್ತಿರ ಹಿಡಿದ, ದೂರ ಹಿಡಿದ. ಬಾಲ ಮೇಲಕ್ಕೆ ಹೋಗಿದೆಯೋ ಕೆಳಕ್ಕೆ ಬಂದಿದೆಯೋ, ಬರೆದ ಪುಣ್ಯಾತ್ಮನಿಗೇ ತಿಳಿಯಲಿಲ್ಲ.

"ಅವತ್ತೂ ಇದನ್ನೇ ಕೇಳಿದ್ದೆ," ಅಂದಳು ಸೊಸೆ. "'ನನ್ನ ಅಕ್ಷರಕ್ಕೆ ಹೆಸರಿಡ್ತೀಯಾ, ಮೊನ್ನೆ ಬಂದವಳು' ಅಂತ ಎಲ್ಲರ ಮುಂದೆ ಬೈದ್ರಿ. ಆಮೇಲೆ ನನಗೆ ತೋಚಿದ್ದು ಬರೆದೆ."

ಅಜ್ಜನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ತನ್ನ ಮೇಲೇ ಅಸಹ್ಯ ಬಂತು. ಕೇಳಿದಾಗ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು.

ಇಂಜಿನಿಯರು ಸಮಾಧಾನ ಮಾಡಲು ಬಂದರು: "ಬಿಡಿ ಅಜ್ಜ, ಸಂದಿಗೆ ಸಿಮೆಂಟ್ ತುಂಬಿದ್ರೆ ಯಾರಿಗೂ ಗೊತ್ತಾಗಲ್ಲ."

"ನೀವು ಸುಮ್ನಿರಿ ಸ್ವಾಮಿ," ಎಂದು ಅಜ್ಜ ಗದರಿದ.

ಎರಡೂ ಚಪ್ಪಡಿಗಳನ್ನು ಎತ್ತಿಸಿ ಅವುಗಳ ಜಾಗಕ್ಕೇ ಇಳಿಸಿದ. ಆರು ಒಂದು ಕೂದಲೂ ಹೆಚ್ಚುಕಮ್ಮಿಯಿಲ್ಲದೆ ಕೂತಿತು. ಒಂಬತ್ತರ ಪಕ್ಕದ ಸಂದಿಗೆ ಎರಡು ದಿನ ಕೂತು ಹೊಸ ಕಲ್ಲಿನ ಪಟ್ಟಿ ಕಡೆದ. ಇಳಿಸುವ ಮುಂಚೆ ಸೊಸೆ ಬಣ್ಣದ ಡಬ್ಬಿ ಹಿಡಿದು ಬಂದಳು.

"ಇದಕ್ಕೆ ಏನು ಬರೀಲಿ ಮಾವ?"

"ಒಂಬತ್ತು ಅಂತ ಬರಿ. ಅಂಕಿ ಬೇಡ ತಾಯಿ, ಅಕ್ಷರದಲ್ಲೇ ಬರಿ."

ಅವಳು ಬರೆದಳು. ಅಜ್ಜ ಅಲ್ಲೇ ನಿಂತಿದ್ದ.

"ಅದರ ಪಕ್ಕ ನನ್ನ ಹೆಸರೂ ಬರಿ. ಅವತ್ತು ಹೆಸರಿಡ್ತೀಯಾ ಅಂತ ಬೈದಿದ್ನಲ್ಲ, ಈಗ ಇಡು."