ಮುಂಗೋಣೆಯ ನಲವತ್ತಮೂರು ಕಿಟಕಿಗಳು

ಆ ಬೀದಿಯಲ್ಲಿ ಕಿಟಕಿ ಮೇಸ್ತ್ರಿಯ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಯಾವ ಮನೆಯಿಂದ ಬೈಗುಳ ಕೇಳಿಸುತ್ತದೋ ಅದೇ ಮನೆ. ಬೈಗುಳದಲ್ಲಿ ಹೆಚ್ಚಿನ ಪಾಲು ಬದುಕಿರುವವರಿಗಲ್ಲ, ಎಂದೋ ಸತ್ತುಹೋದ ಯಾವನೋ ಬಡಗಿಗೆ ಸಲ್ಲುತ್ತಿತ್ತು.

“ಬೆಣೆ ಹೊಡೆಯೋ ಜಾಗಕ್ಕೆ ಮೊಳೆ ಹೊಡೆದಿದ್ದಾನಲ್ಲ, ಇವನ ಕೈ ಸೇದಿಹೋಗ! ಇವನಿಗೆ ಉಳಿ ಕೊಟ್ಟೋರು ಯಾರು?”

ಹೀಗೆ ಬೈಯುತ್ತಲೇ ಆ ಮೊಳೆಯನ್ನು ಹಲ್ಲು ಕಿತ್ತಷ್ಟು ಮೆಲ್ಲಗೆ ಕಿತ್ತು, ಆ ತೂತಿಗೆ ಮರದ ಬೆಣೆ ಕೂರಿಸಿ, ಚೌಕಟ್ಟನ್ನು ಗೋಡೆಗೆ ಒರಗಿಸುವನು. ಹಾಗೆ ಒರಗಿಸಿ ಒರಗಿಸಿ ಮನೆಯ ಮುಂಗೋಣೆಯಲ್ಲಿ ನಲವತ್ತಮೂರು ಹಳೇ ಕಿಟಕಿಗಳು ಸೇರಿದ್ದವು. ಬೀದಿ ಬಾಗಿಲಿಂದ ಅಡುಗೆಮನೆಗೆ ಹೋಗಬೇಕಾದರೆ ಮನುಷ್ಯ ಅಡ್ಡಡ್ಡ ನಡೆಯಬೇಕು. ಹೊಟ್ಟೆ ಬಂದವರು ಹಿತ್ತಿಲ ಕಡೆಯಿಂದಲೇ ಬರುತ್ತಿದ್ದರು.

“ನಮ್ಮನೇಲಿ ಗೋಡೆಗಿಂತ ಕಿಟಕಿ ಜಾಸ್ತಿ,” ಎಂದು ಅವನ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು. “ಆದ್ರೆ ಒಂದರಿಂದಲಾದ್ರೂ ಗಾಳಿ ಬರುತ್ತಾ ಅಂತ ಕೇಳಿ.”

ಮೇಸ್ತ್ರಿಗೆ ಐವತ್ತಾರು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಉಳಿ ಹಿಡಿದವನು ಬೇರೇನನ್ನೂ ಮಾಡಲಿಲ್ಲ. ಮಂಚ ಮಾಡು ಎಂದರೆ ಒಲ್ಲೆ, ಕುರ್ಚಿ ಮಾಡು ಎಂದರೆ ಒಲ್ಲೆ, ಕಿಟಕಿ ಎಂದರೆ ಮಾತ್ರ ಎದ್ದು ನಿಲ್ಲುವನು. ಈಗ ಮರದ ಕಿಟಕಿ ಕೇಳುವವರಿಲ್ಲ. ಹಳೆಯದನ್ನು ಕಿತ್ತು ಅಲ್ಯೂಮಿನಿಯಂ ಕಿಟಕಿ ಕೂರಿಸುವುದೇ ಅವನ ಕೆಲಸವಾಗಿತ್ತು. ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಮಾಡುತ್ತಿದ್ದ.

“ಜಾರೋ ಕಿಟಕಿ ಕೂಡ ಒಂದು ಕಿಟಕಿಯಾ?” ಎಂದು ಮನೆಯ ಯಜಮಾನನೆದುರೇ ಕೇಳುವನು. “ಈ ಕಡೆ ತೆರೆದ್ರೆ ಆ ಕಡೆ ಮುಚ್ಚುತ್ತೆ. ಜಿಪುಣನ ಕೈ ಇದ್ದ ಹಾಗೆ.”

ಕಿತ್ತ ಕಿಟಕಿಯನ್ನು ಬೀದಿಗೆಸೆದು ಬರಲು ಮಾತ್ರ ಅವನಿಂದ ಆಗುತ್ತಿರಲಿಲ್ಲ. ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದುಬಿಡುವನು. ಒಂದು ಶಾಲೆಯದು, ಮಕ್ಕಳ ಕೈ ಉಜ್ಜಿ ಉಜ್ಜಿ ಅದರ ಸರಳುಗಳು ಬೆಳ್ಳಿಯಂತೆ ಹೊಳೆಯುತ್ತಿದ್ದವು. ಎರಡು ಆಸ್ಪತ್ರೆಯವು, ಆಳೆತ್ತರದ ಕದಗಳು, ಆಚೆಯದು ಕಾಣದ ಹಾಲುಬಣ್ಣದ ಗಾಜು. ಹಸಿರು ಗಾಜಿನ ಒಂದು ಪುಟ್ಟ ಕಿಟಕಿ ಹಲ್ಲಿನ ಡಾಕ್ಟರದು. ಕಾಯುತ್ತ ಕೂತವರ ಮುಖವೆಲ್ಲ ಅದರಿಂದ ಹಸಿರಾಗಿ, ಹಲ್ಲುನೋವು ಇಲ್ಲದವರೂ ಕಾಯಿಲೆಯವರಂತೆ ಕಾಣುತ್ತಿದ್ದರಂತೆ.

ಹೀಗಿರುವಾಗ ಮಗಳು ಒಂದು ಸೋಮವಾರ ತನ್ನ ಹೊಲಿಗೆ ಮಿಷನ್ನನ್ನು ಆಟೋದಲ್ಲಿ ತಂದು ಬಾಗಿಲಲ್ಲಿ ಇಳಿಸಿದಳು. ಆರು ವರ್ಷ ಬೇರೆಯವರ ಅಂಗಡಿಯಲ್ಲಿ ಕೂತು ಹೊಲಿದಿದ್ದಳು. ಬರುವ ಸೋಮವಾರದಿಂದ ಸ್ವಂತ ಅಂಗಡಿ. ಮನೆಯಲ್ಲಿ ಬೀದಿಗೆ ಬಾಗಿಲಿರುವುದು ಮುಂಗೋಣೆಗೆ ಒಂದಕ್ಕೇ.

“ಶನಿವಾರ ನನ್ನ ತಮ್ಮ ಗಾಡಿ ತರ್ತಾನೆ,” ಎಂದಳು ಹೆಂಡತಿ. ಅವಳ ತಮ್ಮನದು ಎರಡು ಬೀದಿ ಆಚೆಗೆ ಬೇಕರಿ. ಅವನ ಒಲೆ ಸೌದೆಯದು. ಅಷ್ಟು ಹೇಳಿದರೆ ಸಾಕಿತ್ತು, ಮೇಸ್ತ್ರಿಗೆ ಪೂರ್ತಿ ಅರ್ಥವಾಯಿತು.

“ನನ್ನ ಕಿಟಕೀನ ಸುಡ್ತೀಯೇನೇ?”

“ಸುಡದೆ? ಮಗಳಿಗೆ ಕೂರೋಕೆ ಜಾಗ ಇಲ್ಲ, ನಿಮ್ಮ ಕಿಟಕಿಗಳು ಅಳಿಯಂದಿರ ಥರ ಒರಗಿಕೊಂಡು ಕೂತಿವೆ!”

ಆ ಹೊತ್ತಿಗೆ ಬೇಕರಿಯ ಬಾಮೈದನೂ ಬಂದಿದ್ದ. ಒಂದು ಕದವನ್ನು ಬೆರಳಿನಿಂದ ತಟ್ಟಿ ನೋಡಿದ. “ಒಣ ತೇಗ, ಭಾವ. ಇದರಲ್ಲಿ ಬ್ರೆಡ್ ಹೆಂಗೆ ಉಬ್ಬುತ್ತೆ ಗೊತ್ತಾ? ಮೊದಲನೇದು ನಿಮಗೇ ಕಳಿಸ್ತೀನಿ.”

“ಅದು ನಿನ್ನ ಗಂಟಲಲ್ಲೇ ಸಿಕ್ಕಿಕೊಳ್ಳಲಿ ಕಣೋ!”

ಮಗಳು ನಡುವೆ ಬಂದಳು. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಆ ಮನೆಯಲ್ಲಿ ಹಗ್ಗ ಹಿಡಿಯುವವಳು ಅವಳೊಬ್ಬಳೇ.

“ಅಪ್ಪ, ನನಗೆ ಕನ್ನಡಿ ಬೇಕು, ಬಟ್ಟೆ ತೂಗುಹಾಕೋಕೆ ಏನಾದ್ರೂ ಬೇಕು, ದಾರ ಇಡೋಕೆ ಹಲಗೆ ಬೇಕು. ಎಲ್ಲಾ ಇದರಲ್ಲೇ ಮಾಡ್ಕೊಡಪ್ಪ. ಶನಿವಾರದೊಳಗೆ ಅಂಗಡೀಲಿ ಕೆಲಸಕ್ಕೆ ಬಂದಿದ್ದು ನಮ್ಮದು. ಬರದಿದ್ದಿದ್ದು ಮಾವನ ಒಲೆಗೆ.”

“ಕಿಟಕಿ ಇರೋದು ಗಾಳಿ ಬೆಳಕಿಗೆ,” ಎಂದು ಮೇಸ್ತ್ರಿ ಗುಡುಗಿದ. “ಅದನ್ನ ತೂತಿಲ್ಲದ ಗೋಡೆ ಮೇಲೆ ತಗಲಹಾಕೋದಾ? ಎಮ್ಮೆಗೆ ಕನ್ನಡಕ ಹಾಕಿದಂಗಿರುತ್ತೆ!”

ಗುಡುಗಿದವನು ಒಂದು ಲೋಟ ಟೀ ಕುಡಿಯುವಷ್ಟರಲ್ಲಿ ಅಳತೆ ಪಟ್ಟಿ ಹುಡುಕುತ್ತಿದ್ದ.

ಮೊದಲು ಕನ್ನಡಿ. ಎರಡು ಕದದ ಒಂದು ಎತ್ತರದ ಕಿಟಕಿಯ ಗಾಜು ತೆಗೆದು, ಆ ಚೌಕಗಳಿಗೆಲ್ಲ ಕನ್ನಡಿ ಕತ್ತರಿಸಿ ಕೂರಿಸಿದ. ಕದಗಳನ್ನು ಸ್ವಲ್ಪ ಒಳಮುಖವಾಗಿ ತೆರೆದಿಟ್ಟರೆ ನಿಂತವರಿಗೆ ಎಡವೂ ಬಲವೂ ಒಟ್ಟಿಗೇ ಕಾಣುತ್ತಿತ್ತು; ಯಾವ ದೊಡ್ಡ ಅಂಗಡಿಯಲ್ಲೂ ಅಂಥದ್ದಿರಲಿಲ್ಲ. ಹೆಂಡತಿ ಒದ್ದೆ ಕೈಯಲ್ಲೇ ಆ ಕಡೆ ಹಾದವಳು ನಿಂತಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಕಿವಿಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದಳು. ಮೇಸ್ತ್ರಿ ಉಸಿರು ಬಿಗಿಹಿಡಿದಿದ್ದ.

“ಧೂಳು ಕೂತಿದೆಯಾ ಅಂತ ನೋಡ್ದೆ ಅಷ್ಟೇ,” ಎಂದು ಹೊರಟುಹೋದಳು.

ಅಷ್ಟು ಸಾಕಾಯಿತು. ಅಂದಿನಿಂದ ಅವನ ಕೈ ನಿಲ್ಲಲಿಲ್ಲ. ಶಾಲೆಯ ಕಿಟಕಿಯನ್ನು ಸರಳುಗಳು ಅಡ್ಡ ಬರುವಂತೆ ಗೋಡೆಗೆ ಬಿಗಿದು, ಹೊಲಿದ ಅಂಗಿಗಳನ್ನು ತೂಗುಹಾಕಲು ತಂತಿಯ ಕೊಕ್ಕೆ ಬಗ್ಗಿಸಿ ಹಾಕಿದ. ಆಸ್ಪತ್ರೆಯ ನಾಲ್ಕು ಕದಗಳನ್ನು ಒಂದಕ್ಕೊಂದು ಜೋಡಿಸಿ ಮಡಚುವ ಪರದೆ ಮಾಡಿದ. ಅದರ ಹಿಂದೆ ಹೆಣ್ಣುಮಕ್ಕಳು ಬಟ್ಟೆ ಹಾಕಿ ನೋಡಬಹುದು, ಬೆಳಕು ಬರುತ್ತದೆ, ಯಾರಿಗೂ ಏನೂ ಕಾಣದು. ಆರು ಗಾಜಿನ ಒಂದು ಕಿಟಕಿಯ ಗಾಜುಗಳ ಹಿಂದೆ ಮಗಳು ಆರು ಬಗೆಯ ಕಸೂತಿ ಅಂಟಿಸಿದಳು. ದೂರದಿಂದ ಅದು ಆರು ತೋಟಗಳತ್ತ ತೆರೆದಂತಿತ್ತು. ಹಲ್ಲಿನ ಡಾಕ್ಟರ ಹಸಿರು ಗಾಜಿನ ಹಿಂದೆ ಬಲ್ಬು ಇಟ್ಟು, ಮಗಳು “ಗಿರಾಕಿಗಳ ಮುಖಕ್ಕೆ ಬೇಡಪ್ಪ” ಎಂದದ್ದಕ್ಕೆ ಅದನ್ನು ಬಾಗಿಲ ಹೊರಗೆ ತೂಗಿದ. ಇನ್ನೊಂದು ಅಗಲದ ಕಿಟಕಿಗೆ ಕಾಲು ಕೊಟ್ಟು ಮೇಜು ಮಾಡಿದ. ಅದರ ಗಾಜಿನ ಕೆಳಗೆ ಬಣ್ಣಬಣ್ಣದ ಗುಂಡಿಗಳನ್ನು ಹರಡಿದರು. ಕೊನೆಗೆ, ಮುರಿದ ಮೂರು ಚೌಕಟ್ಟುಗಳ ಕೆಳಪಟ್ಟಿಗಳನ್ನು ಬಿಡಿಸಿ ಉಜ್ಜುಗೊರಡು ಹೊಡೆದು, ದಾರದ ರೀಲುಗಳಿಗೆಂದು ಮೂರು ಹಲಗೆ ಕೂರಿಸಿದ.

ಶನಿವಾರ ಬೆಳಿಗ್ಗೆ ಬಾಮೈದ ಗಾಡಿ ತಂದು ಬಾಗಿಲಿಗೆ ನಿಲ್ಲಿಸಿ ಒಳಗೆ ಬಂದ. ಸುತ್ತ ನೋಡಿದ. ಬಾಯಿ ತುಂಬಿಕೊಂಡು ಬಂದಿದ್ದ ತಮಾಷೆಯನ್ನೆಲ್ಲ ನುಂಗಿಕೊಂಡ.

“ಭಾವ, ಇದು ನೀವೇ ಮಾಡಿದ್ದಾ?”

“ಇಲ್ಲ, ನಿನ್ನ ಒಲೆ ಮಾಡಿದ್ದು.”

ಹೆಂಡತಿ ಟೀ ತಂದು ಮೇಜಿನ ಮೇಲಿಟ್ಟಳು. ಮಗಳು ರೀಲುಗಳ ಡಬ್ಬ ತೆಗೆದು ಕೆಂಪು, ನೀಲಿ, ಹಳದಿ ಎಂದು ಸಾಲಾಗಿ ಹಲಗೆಯ ಮೇಲೆ ಮಲಗಿಸಿದಳು. ಹಳದಿ ರೀಲು ಒಂದು ಕ್ಷಣ ಯೋಚಿಸಿದಂತೆ ಮಾಡಿ, ಉರುಳಿ, ಕೆಳಗೆ ಬಿತ್ತು. ಅದರ ಹಿಂದೆ ನೀಲಿ. ಆಮೇಲೆ ಮೂರೂ ಹಲಗೆಯಿಂದ ಶಾಲೆ ಬಿಟ್ಟ ಮಕ್ಕಳ ಹಾಗೆ ಒಂದರ ಮೇಲೊಂದು ಧುಮುಕಿದವು. ಎಲ್ಲರೂ ನೆಲಕ್ಕೆ ಬಗ್ಗಿ ರೀಲು ಹೆಕ್ಕುತ್ತಿರುವಾಗ ಟೀ ಲೋಟ ಗಾಜಿನ ಮೇಲೆ ಸದ್ದಿಲ್ಲದೆ ಜಾರಿಕೊಂಡು ಬಂದು ಬಾಮೈದನ ಬೆನ್ನ ಮೇಲೆ ಮಗುಚಿತು.

“ಅಯ್ಯಯ್ಯೋ, ಸುಟ್ಟೋದೆ!”

“ನೆಲ ಸರಿ ಇಲ್ಲ!” ಎಂದು ಮೇಸ್ತ್ರಿ ಕೂಗಿದ.

“ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ,” ಎಂದ ಬಾಮೈದ ಅಂಗಿ ಕೊಡವುತ್ತ.

ಮೇಸ್ತ್ರಿ ರಸಮಟ್ಟ ತಂದು ಮೊದಲ ಹಲಗೆಯ ಮೇಲಿಟ್ಟ. ಗಾಜಿನ ನಳಿಗೆಯೊಳಗಿನ ಗುಳ್ಳೆ ಗೋಡೆಯ ಕಡೆಗೆ ಓಡಿತು. ಎರಡನೆಯದರಲ್ಲೂ, ಮೂರನೆಯದರಲ್ಲೂ ಗೋಡೆಯ ಕಡೆಗೇ. ಮೇಜಿನ ಮುಂದಿನ ಕಾಲುಗಳು ಹಿಂದಿನವಕ್ಕಿಂತ ಸರಿಯಾಗಿ ಅರ್ಧ ಅಂಗುಲ ಗಿಡ್ಡ. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಲ್ಲಿಗೆ ಅವನಿಗೆ ಗೊತ್ತಾಯಿತು.

ಕಿಟಕಿಯ ಕೆಳಪಟ್ಟಿಗೆ ಹೊರಗಡೆ ಅರ್ಧ ಅಂಗುಲ ಇಳಿಜಾರು ಕೊಡಬೇಕು. ಕೊಡದಿದ್ದರೆ ಮಳೆ ನೀರು ಮನೆಯೊಳಗೆ ಬರುತ್ತದೆ. ಕಲಿಸಿದ ಗುರು ಅದನ್ನು ಬಾಯಲ್ಲಿ ಹೇಳಿರಲಿಲ್ಲ, ಮರದ ಪಟ್ಟಿಯಿಂದ ಬೆರಳ ಗಂಟಿನ ಮೇಲೆ ಹೇಳಿದ್ದ. “ನೀರು ಒಳಗೆ ಬಿಡೋನು ಬಡಗಿಯಲ್ಲ, ಮನೆಹಾಳ.” ನಲವತ್ತು ವರ್ಷ ಆ ಇಳಿಜಾರನ್ನು ಅವನು ಅಳೆದವನೇ ಅಲ್ಲ. ಅದು ಕೈಯಲ್ಲೇ ಇತ್ತು. ದಾರದ ಹಲಗೆಗೂ ಕೊಟ್ಟ, ಮೇಜಿಗೂ ಕೊಟ್ಟ.

“ಭಾವ,” ಎಂದ ಬಾಮೈದ, ಎಲ್ಲ ಕೇಳಿದ ಮೇಲೆ. “ಈ ಕೋಣೆ ಒಳಗೆ ಮಳೆ ಬರುತ್ತೆ ಅಂತ ನಿಮಗೆ ಯಾರು ಹೇಳಿದ್ರು?”

ಮೇಸ್ತ್ರಿಯ ಕೋಪ ಮೂಗಿನ ತುದಿಯಲ್ಲಿದ್ದದ್ದು ನೆತ್ತಿಗೇರಿತು. “ಸುಡು! ಎಲ್ಲಾನೂ ಸುಡು! ಕೆಲಸಕ್ಕೆ ಬಾರದ್ದು ಒಲೆಗೆ ಅಂತ ತಾನೆ ಮಾತು?” ಎಂದವನೇ ಮೂಲೆಯ ಎರಡು ಕಿಟಕಿಗಳನ್ನು ತಾನೇ ಹೊತ್ತು ಗಾಡಿಗೆ ಎಸೆದ. ನಿಜವಾಗಿ ಎಸೆಯಲಿಲ್ಲ, ಗಾಜು ಒಡೆಯದಂತೆ ಇಟ್ಟ. ಆದರೆ ಮುಖ ಎಸೆದವನದೇ. ಮತ್ತೆರಡು ಹೊತ್ತ. ಕನ್ನಡಿಯ ಕಿಟಕಿಗೆ ಕೈಹಾಕಿದಾಗ ಹೆಂಡತಿ ಅಡ್ಡ ನಿಂತಳು.

“ಅದನ್ನ ಮುಟ್ಟಿದ್ರೆ ನೋಡಿ. ಕನ್ನಡಿ ಏನು ಮಾಡ್ತು ನಿಮಗೆ?”

“ಮತ್ತೆ ಹಲಗೆ? ಮೇಜು?”

“ಮೇಜಿನ ಕಾಲಿಗೆ ಒಂದು ಚಕ್ಕೆ ಕೊಡಿ, ಅದೇನು ಮಹಾ. ಹಲಗೇನ ತಿರುಗಿಸಿ ಹಾಕಿ. ಇಳಿಜಾರು ಒಳಗಡೆಗೆ ಬರಲಿ. ರೀಲು ಗೋಡೆಗೆ ಒರಗಿ ಕೂತ್ಕೊಳ್ಳುತ್ತೆ.”

ಮೇಸ್ತ್ರಿಗೆ ಯಾರೋ ಕೆನ್ನೆಗೆ ಬಾರಿಸಿದಂತಾಯಿತು. “ಒಳಗಡೆಗಾ?”

“ಹ್ಞೂಂ.”

“ಬೇಕಾದ್ರೆ ಮಟ್ಟವಾಗಿ ಹಾಕ್ತೀನಿ.”

“ಮಟ್ಟ ಸಾಲಲ್ಲಪ್ಪ,” ಎಂದಳು ಮಗಳು. “ಮಿಷನ್ ತುಳಿದ್ರೆ ಗೋಡೆ ಅದುರುತ್ತೆ. ಅದುರಿದ್ರೆ ರೀಲು ಮತ್ತೆ ಉರುಳುತ್ತೆ. ಅಮ್ಮ ಹೇಳೋದೇ ಸರಿ.”

“ಒಳಗಡೆ ಇಳಿಜಾರು ಕೊಟ್ಟ ಬಡಗಿ ಯಾವನಿದ್ದಾನೆ ಹೇಳು! ಕಂಡೋರು ಉಗೀತಾರೆ!”

“ಮೇಲೆ ಸೂರಿದೆ ಕಣ್ರೀ,” ಎಂದಳು ಹೆಂಡತಿ. ದನಿ ಈಗ ಮೆತ್ತಗಾಗಿತ್ತು. “ಈ ಕೋಣೇಲಿ ಮಳೆ ಸುರಿದ್ರೆ ನಾನೇ ಕೊಡೆ ಹಿಡ್ಕೊಂಡು ನಿಲ್ತೀನಿ. ಸರೀನಾ?”

ಅವನು ಬಾಗಿಲಾಚೆ ಗಾಡಿಯ ಮೇಲಿದ್ದ ನಾಲ್ಕು ಕಿಟಕಿಗಳನ್ನು ನೋಡಿದ. ಕೈಯಲ್ಲಿದ್ದ ತಿರುಪುಳಿಯನ್ನು ನೋಡಿದ. ಕುಕ್ಕರುಗಾಲಲ್ಲಿ ಕೂತು ಮೊದಲ ಹಲಗೆಯ ತಿರುಪು ಬಿಚ್ಚಿದ. ಹಲಗೆ ತಿರುಗಿಸಿ ಹಿಡಿದ ಅವನ ಕೈ ತಾನೇ ತಾನಾಗಿ ಹಿಂದಿನ ತುದಿಯನ್ನು ಮೇಲಕ್ಕೆತ್ತುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು. ಮಗಳು ಒಂದು ಬೆರಳಿನಿಂದ ಅದನ್ನು ಕೆಳಕ್ಕೊತ್ತಿ ಹಿಡಿದುಕೊಂಡಳು. ಕೊನೆಯ ತಿರುಪು ಬಿಗಿಯುವಾಗ ಮೇಸ್ತ್ರಿ ಕಣ್ಣು ಮುಚ್ಚಿಕೊಂಡಿದ್ದ. ಚುಚ್ಚುಮದ್ದಿಗೆ ತೋಳು ಕೊಟ್ಟವರು ಹಾಗೆ ಮುಚ್ಚಿಕೊಳ್ಳುತ್ತಾರೆ.

ಮೂರು ಹಲಗೆಯೂ ತಿರುಗಿದವು. ರೀಲುಗಳನ್ನು ಮಲಗಿಸಿದರು. ಮಗಳು ಮಿಷನ್ನಿಗೆ ಕೂತು, ಬಟ್ಟೆಯಿಲ್ಲದೆಯೇ ಗಡಗಡನೆ ತುಳಿದಳು. ಗೋಡೆ ಅದುರಿತು, ಕನ್ನಡಿ ನಡುಗಿತು, ತೂಗುಬಿಟ್ಟ ಕೊಕ್ಕೆಗಳೆಲ್ಲ ಕಿಣಿಕಿಣಿ ಎಂದವು. ಒಂದು ರೀಲೂ ಮಿಸುಕಲಿಲ್ಲ.

“ಅಂಗಡಿ ಆಯ್ತು,” ಎಂದಳು ಮಗಳು, ಮಿಷನ್ ನಿಲ್ಲಿಸಿ.

ಬಾಮೈದ ಮಾತ್ರ ಇನ್ನೂ ಮೇಜಿನ ಮುಂದೆಯೇ ನಿಂತಿದ್ದ. ಒಂದು ಗುಂಡಿಯನ್ನು ಗಾಜಿನ ಹಿಂದಿನ ಅಂಚಿಗಿಟ್ಟು, ಅದು ಮುಂದಕ್ಕೆ ಬರುವುದನ್ನು ನೋಡುತ್ತಿದ್ದ. ಮತ್ತೆ ಇಟ್ಟ, ಮತ್ತೆ ನೋಡಿದ.

“ಭಾವ, ಇದರ ಕಾಲಿಗೆ ಚಕ್ಕೆ ಕೊಡಬೇಡಿ.”

“ಯಾಕೆ, ಇನ್ನೊಂದು ಲೋಟ ಟೀ ಬೇಕಾ ಬೆನ್ನಿಗೆ?”

“ಅದಲ್ಲ. ನನ್ನ ಅಂಗಡಿ ಕಪಾಟಲ್ಲಿ ಬನ್ನುಗಳು ಹಿಂದೆ ಹೋಗಿ ಮಲಗಿರ್ತವೆ. ಗಿರಾಕಿಗೆ ಕಾಣೋದೇ ಇಲ್ಲ. ಹಿಂಗೆ ಮುಂದಕ್ಕೆ ಬಾಗಿದ ಹಲಗೆ ಇದ್ದು, ತುದಿಗೆ ಒಂದು ತಡೆಪಟ್ಟಿ ಇದ್ರೆ, ಬೀದೀಲಿ ಹೋಗೋರಿಗೆಲ್ಲ ಬನ್ನಿನ ಮುಖ ಕಾಣುತ್ತಲ್ಲ? ಗಾಜೂ ಇದೆ, ನೊಣ ಬರಲ್ಲ. ನಿಮ್ಮ ಕೈಯಲ್ಲಂತೂ ಆ ಇಳಿಜಾರು ಬೇಡ ಅಂದ್ರೂ ಬರುತ್ತೆ.”

“ಸುಡೋಕೆ ಬಂದೋನು ಬೇಡೋಕೆ ನಿಂತೆಯಾ?” ಎಂದ ಮೇಸ್ತ್ರಿ. ಬಾಮೈದನನ್ನು ಅಷ್ಟು ಸುಲಭಕ್ಕೆ ಬಿಡುವುದು ಅವನ ಜಾಯಮಾನದಲ್ಲಿರಲಿಲ್ಲ. “ಕೇಳಿಸಲಿಲ್ಲ. ಇನ್ನೊಂದು ಸಲ ಜೋರಾಗಿ ಹೇಳು, ನಿಮ್ಮಕ್ಕನಿಗೂ ಕೇಳಲಿ.”

ಬಾಮೈದ ಜೋರಾಗಿ ಹೇಳಿದ. ಅಕ್ಕನಿಗೂ ಕೇಳಿಸಿತು, ಬೀದಿಗೂ ಕೇಳಿಸಿತು.

ಆಮೇಲೆ ಮೇಸ್ತ್ರಿ ಮಗಳ ಮೇಜಿನ ಕಾಲಿಗೆ ಚಕ್ಕೆ ಕೊಟ್ಟು, ಉಳಿದ ಕಿಟಕಿಗಳನ್ನು ಒಂದೊಂದಾಗಿ ಬಡಿದು, ಮೂಸಿ, ಉಗುರಿನಿಂದ ಒತ್ತಿ ನೋಡಿದ. ಹತ್ತು ಈಗಾಗಲೇ ಅಂಗಡಿಯಾಗಿದ್ದವು. ಗೆದ್ದಲು ತಿಂದು ಟೊಳ್ಳಾಗಿದ್ದ ಏಳನ್ನು ತಾನೇ ಬೇರೆ ಮಾಡಿ, “ಇವು ನಿನ್ನ ಒಲೆಗೆ, ಇವಕ್ಕೆ ಆಯುಸ್ಸು ಮುಗಿದಿದೆ” ಎಂದ. ಇಪ್ಪತ್ತಾರು ಕಿಟಕಿಗಳು ಬೇಕರಿಯ ಕಪಾಟು, ಬೆಂಚು, ಅಡ್ಡಗೋಡೆ ಆಗಲು ಗಾಡಿ ಹತ್ತಿದವು. ಆ ಏಳು ಅವುಗಳ ಜೊತೆ ಬೆರೆಯದಿರಲೆಂದು ಮೇಸ್ತ್ರಿ ಅವಕ್ಕೆ ಸೀಮೆಸುಣ್ಣದ ಗೀಟು ಎಳೆದ. ಬಾಮೈದನ ಮೇಲೆ ಅಷ್ಟೆಲ್ಲ ನಂಬಿಕೆ ಅವನಿಗಿನ್ನೂ ಬಂದಿರಲಿಲ್ಲ.

ಗಾಡಿ ಹೊರಟಿತು. ಮುಂದೆ ಬಾಮೈದ ಎಳೆಯುತ್ತಿದ್ದ, ಹಿಂದೆ ಮೇಸ್ತ್ರಿ ಒಂದು ಕೈಯನ್ನು ಮೇಲಿನ ಚೌಕಟ್ಟಿನ ಮೇಲಿಟ್ಟು ನಡೆಯುತ್ತಿದ್ದ. “ಮೆಲ್ಲಗೆ ಕಣೋ, ಗುಂಡಿ ನೋಡ್ಕೊ! ನೀನು ಎಳೀತಿರೋದು ಮೈದಾ ಮೂಟೆಯಲ್ಲ!”

ಹೆಂಡತಿ ಹೊಸಿಲಲ್ಲಿ ನಿಂತು ಕೂಗಿದಳು. “ರೀ, ಬರ್ತಾ ಅಲ್ಲಿಂದ ಏನಾದ್ರೂ ಹೊತ್ಕೊಂಡು ಬಂದ್ರೆ ಬಾಗಿಲು ತೆಗೆಯಲ್ಲ, ಹೇಳಿದ್ದೀನಿ!”

ಮೇಸ್ತ್ರಿ ತಿರುಗಿ ನೋಡಲಿಲ್ಲ. ಬೀದಿಯ ತಿರುವಿನಿಂದ ಅವನ ದನಿ ಮಾತ್ರ ಬಂತು.

“ಬೇಕರಿ ಹಿಂದೆ ಎರಡು ದುಂಡು ಕಿಟಕಿ ಬಿದ್ದಿವೆಯಂತೆ ಕಣೇ! ಬರೀ ನೋಡ್ಕೊಂಡು ಬರ್ತೀನಿ!”