ಒಡೆಯಬೇಕಿದ್ದ ಸೂರು

ಮೇಸ್ತ್ರಿಗೆ ಕೂತಲ್ಲಿ ಕೂರುವ ಜಾಯಮಾನವೇ ಇಲ್ಲ. ಊಟದ ನಡುವೆ ಎದ್ದು ಕಿಟಕಿಯ ಚಿಲಕ ಅಲ್ಲಾಡಿಸಿ ನೋಡುತ್ತಾರೆ, ಯಾರದೋ ಮನೆಗೆ ಹೋದರೆ ಕೂರುವ ಮೊದಲು ಕುರ್ಚಿಯ ಕಾಲು ಹಿಡಿದು ಪರೀಕ್ಷಿಸುತ್ತಾರೆ. "ನಿಮ್ಮ ಕಾಲಿಗೇನು ಚಕ್ರ ಕಟ್ಟಿದ್ದಾರಾ?" ಎಂದು ಬೈದು ಬೈದು ಸುಸ್ತಾದ ಹೆಂಡತಿ ಈಗ ಬೈಯುವುದನ್ನೂ ಬಿಟ್ಟಿದ್ದಾಳೆ.

ಅವರದು ಸಿನಿಮಾ, ಟೀವಿ, ಹಾಡಿನ ವಿಡಿಯೋಗಳಿಗೆ ಸೆಟ್ ಹಾಕುವ ಮರಗೆಲಸ. ಮಕ್ಕಳ ಕಥೆಪುಸ್ತಕದಲ್ಲಿ ಏನೇನಿದೆಯೋ ಎಲ್ಲವೂ ಅವರ ಕೈಯಲ್ಲಿ ಪ್ಲೈವುಡ್ಡಾಗಿ ಎದ್ದು ನಿಂತಿದೆ: ಮರದ ಬುಡದಲ್ಲಿ ಬಾಗಿಲು, ಮಾತಾಡುವ ಕನ್ನಡಿ, ಹಾರುವ ಮಂಚ, ಕೊಡೆಯಷ್ಟು ಅಗಲದ ಅಣಬೆ. "ಅಲ್ರೀ, ಈ ಹಾಡಿನವರಿಗೆ ಪ್ರೀತಿ ಕೈಹಿಡಿದ್ರೂ ಅಣಬೆ, ಕೈಕೊಟ್ರೂ ಅಣಬೆ! ಬೇರೆ ಏನೂ ಹೊಳೆಯೋದೇ ಇಲ್ವಾ?" ಎಂದು ಗೊಣಗುತ್ತಲೇ ಇನ್ನೊಂದು ಅಣಬೆ ಕತ್ತರಿಸುತ್ತಾರೆ. ಅವರು ಗೊಣಗಿದರೆ ಏನು ಬಂತು? ಐದು ವರ್ಷದ ಮಗುವಿನ ತಲೆಗೆ ಹೊಕ್ಕ ಚಿತ್ರ ಐವತ್ತಾದರೂ ಹೊರಗೆ ಹೋಗುವುದಿಲ್ಲ. ಮೂರು ನಿಮಿಷದ ಹಾಡಿನಲ್ಲಿ ವಿವರಿಸುತ್ತ ಕೂರಲು ಯಾರಿಗೆ ಪುರುಸೊತ್ತಿದೆ? ಮರದ ಬುಡದಲ್ಲೊಂದು ಬಾಗಿಲು ತೋರಿಸಿದರೆ ಸಾಕು, ನೋಡುವವನು ತಾನೇ ಒಳಗೆ ನುಗ್ಗುತ್ತಾನೆ.

ಈ ಸಲ ಬಂದದ್ದು ಬೆಳೆಯುವ ಹುಡುಗಿ. ಗೂಡಿನಂಥ ಮನೆಯೊಳಗೆ ಮುದುರಿ ಕೂತವಳು ಹಾಡುತ್ತ ಹಾಡುತ್ತ ದೊಡ್ಡವಳಾಗಿ, ಕೊನೆಯ ಚರಣಕ್ಕೆ ಸೂರನ್ನು ತಲೆಯಿಂದಲೇ ಒಡೆದು ಹೊರಬರಬೇಕು. ಹಾಡುವವಳು ಬೇರೆ ಯಾರೂ ಅಲ್ಲ, ಮೇಸ್ತ್ರಿಯ ಮಗಳೇ. ವರ್ಷಗಟ್ಟಲೆ ಬೇರೆಯವರ ಹಿಂದೆ ನಿಂತು ಕೋರಸ್ ಹಾಡಿದವಳಿಗೆ ಇದು ಮುಖ ತೋರಿಸುವ ಮೊದಲ ಹಾಡು. ಇದು ಚೆನ್ನಾಗಿ ಬಂದರೆ ಅವಳು ತಂಡದ ಜೊತೆ ಊರೂರು ಸುತ್ತಲು ಹೊರಡುತ್ತಾಳೆ. ಮೇಸ್ತ್ರಿಗೆ ಹೆಮ್ಮೆ, ಸುಳ್ಳಲ್ಲ. ಆದರೆ ಅವಳಿಲ್ಲದ ಮನೆ ಅವರಿಗೆ ಬೇಡವಾಗಿತ್ತು, ಅದೂ ಸುಳ್ಳಲ್ಲ.

ಒಡೆಯುವ ಸೂರು ಮಾಡುವುದಕ್ಕೂ ಒಂದು ರೀತಿಯಿದೆ. ತೆಳು ಹಲಗೆಗೆ ಒಳಗಡೆಯಿಂದ ಗರಗಸದಲ್ಲಿ ಗೀರು ಹಾಕಬೇಕು. ಗೀರು ಆಳವಾದರೆ ಮುಟ್ಟಿದರೆ ಮುರಿಯುತ್ತದೆ, ತೇಲಿಸಿದರೆ ಜಗ್ಗುವುದೇ ಇಲ್ಲ. ಮೇಸ್ತ್ರಿ ಮೊದಲು ಒಂದು ಹಲಗೆಯನ್ನು ತಮ್ಮ ಬೋಳುತಲೆಯಿಂದಲೇ ಒಡೆದು ನೋಡಿ, ಅದೇ ಅಳತೆಗೆ ಇನ್ನೊಂದನ್ನು ಗೀರುವವರು. ಈ ಸಲವೂ ಒಡೆದರು. ಲಟಕ್ಕನೆ ಮುರಿಯಿತು. ಜೊತೆಗೆ ಒಂದು ಸಿಬಿರು ನೆತ್ತಿಯನ್ನು ತರಚಿ ರಕ್ತ ಬಂತು. ಅದನ್ನು ಒರೆಸಿಕೊಂಡು ಮಗಳ ಹಲಗೆಯ ಮುಂದೆ ಕೂತವರು, ಗರಗಸವನ್ನು ಹಗುರವಾಗಿ ಆಡಿಸಿ ಎತ್ತಿಟ್ಟುಬಿಟ್ಟರು. ಅದು ಅದೇ ಅಳತೆಯಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಮಾರನೆಯ ದಿನ ಸ್ಟುಡಿಯೋದ ಹಿಂದಿನ ಬಯಲಿನಲ್ಲಿ ಚಿತ್ರೀಕರಣ. ಕೊನೆಯ ಚರಣಕ್ಕೆ ಮಗಳು ಎದ್ದಳು. ದಡ್! ಸೂರು ಜಪ್ಪಯ್ಯ ಅಂದರೂ ಕದಲಲಿಲ್ಲ. ಮತ್ತೆ ಎದ್ದಳು. ಮತ್ತೆ ದಡ್!

ನಿರ್ದೇಶಕನ ಸಹನೆ ಮುಗಿದಿತ್ತು. "ಏನ್ ಮೇಸ್ತ್ರಿ, ಸೂರು ಮಾಡಿದ್ದೀರೋ ಕೋಟೆ ಕಟ್ಟಿದ್ದೀರೋ? ಬೆಳಕು ಹೋಗ್ತಾ ಇದೆ. ಇನ್ನೊಂದೇ ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಇವಳು ಒಳಗೇ ಇರ್ಲಿ, ಕೊನೇ ಚರಣ ಬೇರೆಯವಳ ಕೈಲಿ ಹೊರಗಡೆ ಹಾಡಿಸ್ತೀನಿ."

ಮೇಸ್ತ್ರಿ ಗರಗಸ ಹಿಡಿದು ಆ ಗೂಡುಮನೆಯೊಳಗೆ ತೂರಿದರು. ಮಗಳು ನೆತ್ತಿ ಉಜ್ಜಿಕೊಳ್ಳುತ್ತ ಕೂತಿದ್ದಳು.

"ಅಪ್ಪ, ಇಂಥದ್ದನ್ನ ಒಡೆದು ನೋಡಿದ್ಯಾ?"

"ನೋಡ್ದೆ ಕಣಮ್ಮ."

ಅವಳ ಕಣ್ಣು ಅವರ ತಲೆಯ ತರಚುಗಾಯದ ಮೇಲೆ ನಿಂತಿತು. "ನಿನ್ನ ತಲೆಗೆ ಒಡೆದದ್ದು ನನ್ನ ತಲೆಗೆ ಯಾಕಪ್ಪ ಒಡೀಲಿಲ್ಲ?"

"ಸಿಬಿರು ಏಳುತ್ತೆ ಮಗಳೇ. ಕಣ್ಣಿಗೆ ಗಿಣ್ಣಿಗೆ ತಾಗಿದ್ರೆ..."

"ಅಷ್ಟೇನಾ? ಇಲ್ಲಾ, ನಾನು ಹೋಗ್ಬಾರ್ದು ಅಂತಾನಾ?"

ಹೌದೇನೋ ಎಂದು ಮೇಸ್ತ್ರಿಗೇ ಅನುಮಾನ ಬಂತು. ಥೂ, ಎಂಥ ಅಪ್ಪ ನಾನು ಎಂದು ನಾಚಿಕೆಯಾಯಿತು. "ಗೊತ್ತಿಲ್ಲಮ್ಮ," ಅಂದರು. "ದೇವರಾಣೆ ಗೊತ್ತಿಲ್ಲ."

"ಅಳೋದೆಲ್ಲ ಆಮೇಲೆ ಇಟ್ಕೊಳ್ಳೋಣ," ಅಂದಳು ಮಗಳು. "ಈಗ ಕೊಯ್ಯಿ. ನಿನ್ನ ಅಳತೆಗೇ ಕೊಯ್ಯಿ."

ಮೇಸ್ತ್ರಿ ಕೊಯ್ದರು. ಮರದ ಪುಡಿ ಅವಳ ಕೂದಲ ಮೇಲೆ ಉದುರಿತು. ಒರೆಸಲು ಹೋದ ಕೈಯನ್ನು ಅವಳು ಮೆಲ್ಲಗೆ ಸರಿಸಿದಳು.

ಮೂರನೆಯ ಸಲ ಸೂರು ಒಡೆಯಿತು. ಸಿಬಿರು ಹಾರಿತು, ಹಲಗೆ ಎರಡು ಪಾಲಾಗಿ ಮಗಳ ತಲೆ, ಹೆಗಲು ಸಂಜೆಬಿಸಿಲಿಗೆ ಬಂದವು. ಹುಬ್ಬಿನ ಮೇಲಿನಿಂದ ರಕ್ತದ ಎಳೆ ಇಳಿಯುತ್ತಿತ್ತು. ಅವಳಿಗೆ ಅದರ ಪರಿವೆಯೇ ಇಲ್ಲ. ಬಾಯ್ತುಂಬ ಹಾಡುತ್ತಿದ್ದಳು. ಮೇಸ್ತ್ರಿ ಎರಡು ಹೆಜ್ಜೆ ಮುಂದೆ ನುಗ್ಗಿಯೇಬಿಟ್ಟರು. ಕ್ಯಾಮೆರಾದ ಪಕ್ಕದಲ್ಲಿದ್ದ ಹುಡುಗ ಅವರ ಅಂಗಿ ಹಿಡಿದು ಎಳೆದ. ಮೇಸ್ತ್ರಿ ಅಲ್ಲೇ ನಿಂತು ತುಟಿ ಕಚ್ಚಿಕೊಂಡು, ಆ ಕೆಂಪು ಎಳೆ ಎಲ್ಲಿಗಿಳಿಯಿತು ಎಂದೇ ನೋಡುತ್ತಿದ್ದರು.

ಕಟ್ ಅಂದದ್ದೇ ತಡ, ಹತ್ತಿ ಹಿಡಿದು ಓಡಿದರು. ಸುತ್ತ ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದರು. ಮಗಳು ಏದುಸಿರು ಬಿಡುತ್ತ, ನಗುತ್ತ, ಗಾಯ ಒತ್ತುತ್ತಿದ್ದ ಅಪ್ಪನ ಕೈಯನ್ನು ಹಿಡಿದುಕೊಂಡಳು.

"ಹಾಡು ಹೇಗೆ ಬಂತಪ್ಪ?"

ಮೇಸ್ತ್ರಿಯ ಕಿವಿಗೆ ಹಾಡಿನ ಒಂದು ಅಕ್ಷರವೂ ಬಿದ್ದಿರಲಿಲ್ಲ.

"ಹೋಗಿ ಬಾ ಮಗಳೇ," ಅಂದರು.