ನನ್ನ ಬ್ಯಾಗು, ರೇಣುಕಾಳ ಬ್ಲೌಸು

ಕವರ್ ಒಳಗೆ ಕೈ ಹಾಕಿದ ರೇಣುಕಾ ಹೊರಗೆ ತೆಗೆದದ್ದು ಬ್ಲೌಸ್ ಅಲ್ಲ. ಒಂದು ಹಿಡಿ ಕಪ್ಪು ರಬ್ಬರ್ ಗ್ಯಾಸ್ಕೆಟ್!

ಆ ಕವರ್ ತಂದುಕೊಟ್ಟವಳು ನಾನೇ.

ರೇಣುಕಾ ಬಾಗಲಗುಂಟೆಯ ನಮ್ಮ ವಠಾರದಲ್ಲಿ, ಎದುರು ರೂಮಿನಲ್ಲಿ ಅಣ್ಣನ ಜೊತೆ ಇರುವ ಹುಡುಗಿ. ಗದಗದ ಕಡೆಯವಳು, ಗಾರ್ಮೆಂಟ್ಸ್‌ನಲ್ಲಿ ಕೆಲಸ. ದಿನವಿಡೀ ಶರ್ಟಿನ ಕಾಲರ್ ಹೊಲಿಯುವವಳಿಗೆ ತನ್ನ ಬ್ಲೌಸ್ ಹೊಲಿದುಕೊಳ್ಳೋಕೆ ಮಾತ್ರ ಪುರುಸೊತ್ತಿಲ್ಲ.

ಅವತ್ತು ಶನಿವಾರ. ಸಂಜೆ ಅವಳಿಗೆ ಹೂ ಮುಡಿಸುವ ಶಾಸ್ತ್ರ. ಗಂಡಿನ ತಾಯಿ ಸೀರೆ ಮೊದಲೇ ಕಳಿಸಿದ್ದರು, ಅದೇ ಸೀರೆ, ಅದರಲ್ಲೇ ಬಂದ ಪೀಸಿನ ಬ್ಲೌಸ್ ಹಾಕಿಕೊಂಡು ಅವಳು ಕೂರಬೇಕು. ಆ ಬ್ಲೌಸನ್ನ ಟೈಲರ್ ಹತ್ತಿರದಿಂದ ತರುವ ಕೆಲಸ ನನ್ನದು.

ತಪ್ಪು ಯಾರದು? ಬ್ಯಾಗಿನದು ಅಂತ ಈಗಲೂ ನನ್ನ ವಾದ.

ನಾನು ಪೀಣ್ಯದ ಒಂದು ಸಣ್ಣ ರಬ್ಬರ್ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಚೆಕ್ ಮಾಡ್ತೀನಿ. ಓಡಾಟ ಸೈಕಲ್ಲಲ್ಲಿ, ಹೆಗಲಿಗೆ ಅಡ್ಡ ತಮ್ಮ ಕೊಡಿಸಿದ ಮೆಸೆಂಜರ್ ಬ್ಯಾಗ್. ಎಂಥಾ ಮಳೆಗೂ ಜಪ್ಪಯ್ಯ ಅನ್ನಲ್ಲ. ಒಂದೇ ಪಟ್ಟಿ, ಒಳಗೆ ಒಂದೇ ದೊಡ್ಡ ಖಾನೆ... ಎಷ್ಟು ತುರುಕಿದರೂ ಇನ್ನೂ ಜಾಗ ಇದೆ ಅನ್ನುವ ಹಾಗೆ ಕಾಣುತ್ತೆ. ಅಲ್ಲೇ ಬಂದದ್ದು ಎಡವಟ್ಟು.

ನಮ್ಮ ಪೀಣ್ಯದವರಿಗೆ ಖಾಲಿ ಬ್ಯಾಗ್ ಕಂಡರೆ ಕೈ ಕಡಿಯುತ್ತೆ. "ಹೆಂಗೂ ಆ ಕಡೇನೇ ಹೋಗ್ತೀಯಲ್ಲ..." ಅಂತ ಯಾರಾದರೂ ಶುರು ಮಾಡಿದರೆ ನನ್ನ ಕಥೆ ಮುಗೀತು. ಒಂದು ಶೆಡ್ಡಿನ ಸ್ಯಾಂಪಲ್ ಇನ್ನೊಂದು ಶೆಡ್ಡಿಗೆ, ಯಾರದೋ ಚಾರ್ಜರ್, ಇನ್ಯಾರದೋ ಮನೆಯ ಕರಿಬೇವು.

ಅವತ್ತು ಹಾಫ್ ಡೇ ಮುಗಿಸಿ ಹೊರಟಾಗ ನಮ್ಮ ಸ್ಟೋರ್ಸ್ ನಂಜುಂಡಣ್ಣ ಒಂದು ಕವರ್ ಹಿಡಿದು ನಿಂತಿದ್ದರು. "ಪಂಪ್ ಮಾಡೋ ಶೆಡ್ಡಿಗೆ ಗ್ಯಾಸ್ಕೆಟ್ ಸ್ಯಾಂಪಲ್ ಕಣಮ್ಮ, ಹೆಂಗೂ ಆ ಕಡೇನೇ..." ಇಸಕೊಂಡೆ. ಆಮೇಲೆ ಟೈಲರ್ ಅಕ್ಕನ ಹತ್ತಿರ ಹೋಗಿ ಬ್ಲೌಸ್ ಇಸಕೊಂಡೆ.

ಎರಡೂ ಒಂದೇ ಬಟ್ಟೆ ಅಂಗಡಿಯ ಮೆರೂನ್ ಕವರ್! ಸೀರೆ ಹರಿದರೂ ಸೀರೆ ಅಂಗಡಿ ಕವರ್ ಬಿಸಾಡದ ಜನ ನಾವು. ಒಳಗೆ ಎರಡಕ್ಕೂ ಪೇಪರ್ ಸುತ್ತಿದ್ದಾರೆ. ಪಂಪ್ ಶೆಡ್ ಗೇಟಿನಲ್ಲಿ ಸೈಕಲ್ಲಿಂದ ಇಳಿಯದೇ ಕೈಗೆ ಸಿಕ್ಕಿದ್ದನ್ನ ಕೊಟ್ಟು ಬಂದುಬಿಟ್ಟೆ.

ದಿನಾ ನೂರೆಂಟು ಪೀಸ್ ಚೆಕ್ ಮಾಡುವ ನಾನು ಒಂದು ಕವರ್ ಬಿಚ್ಚಿ ನೋಡಲಿಲ್ಲ!

ಗಂಡಿನ ಕಡೆಯವರು ಯಶವಂತಪುರದಲ್ಲಿ ರೈಲು ಇಳಿದಾಗಿತ್ತು. ಪಂಪ್ ಶೆಡ್ಡಿಗೂ ಹಾಫ್ ಡೇ, ಬಾಗಿಲು ಹಾಕಿದರೆ ಇನ್ನು ಸೋಮವಾರವೇ. ಶೆಡ್ಡಿನ ನಂಬರ್ ಇರುವ ನಂಜುಂಡಣ್ಣ ಫೋನ್ ಎತ್ತುತ್ತಿಲ್ಲ.

ರೇಣುಕಾ ಬೈದಿದ್ದರೆ ಚೆನ್ನಾಗಿತ್ತು. ಕಣ್ಣು ತುಂಬಿಕೊಂಡು, "ಇರ್ಲಿ ಬಿಡ್ರಿ ಅಕ್ಕಾರ, ಬ್ಯಾರೆ ಬ್ಲೌಸ್ ಹಾಕ್ಕೊಂತೀನಿ" ಅಂದಳು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

"ಆಟೋ ಕರೀಲೇನ್ರೀ ಅಕ್ಕಾರ?" ಅಂದ ಅವಳ ಅಣ್ಣ. ಜಾಲಹಳ್ಳಿ ಕ್ರಾಸ್ ಕಡೆ ಲಾರಿಗಳು ಸಾಲಾಗಿ ನಿಂತಿದ್ದನ್ನ ನಾನು ಆಗಷ್ಟೇ ನೋಡಿಕೊಂಡು ಬಂದಿದ್ದೆ. ಆಟೋ ಬೇಡ ಅಂತ ಸೈಕಲ್ ಹತ್ತಿದೆ.

ತುಳಿದೆ ನೋಡಿ... ಲಾರಿ ಸಂದಿ, ಮೋರಿ ಪಕ್ಕ, ಕಬ್ಬಿಣದ ಅಂಗಡಿ ಮುಂದಿನ ಓಣಿ. ಖಾಲಿ ಬ್ಯಾಗ್ ಪ್ರತಿ ಹಂಪ್‌ಗೂ ಬೆನ್ನಿಂದ ಜಾರಿ ಮುಂದೆ ಬಂದು ಮೊಣಕಾಲಿಗೆ ಬಡಿಯುತ್ತಿತ್ತು. ಅದಕ್ಕೆ ದಾರಿಯುದ್ದಕ್ಕೂ ಸಹಸ್ರನಾಮ ಮಾಡಿದೆ.

ಶೆಡ್ಡಿನ ಶಟರ್ ಅರ್ಧಕ್ಕೆ ಇಳಿದಿದೆ. ಬಗ್ಗಿ ಒಳಗೆ ನುಗ್ಗಿದರೆ ಸೂಪರ್‌ವೈಸರ್ ಕೃಷ್ಣಪ್ಪನವರು ಮತ್ತು ಇಬ್ಬರು ಕೆಲಸದವರು ಸ್ಟೂಲ್ ಹಾಕಿಕೊಂಡು ಕೂತಿದ್ದಾರೆ.

"ಬನ್ನಿ ಮೇಡಂ. ನಿಮ್ಮ ಸ್ಯಾಂಪಲ್ಲು ಡ್ರಾಯಿಂಗ್‌ಗೆ ಮ್ಯಾಚ್ ಆಯ್ತಾ ಇಲ್ಲ, ರಿಜೆಕ್ಟ್ ಮಾಡ್ಲಾ?"

ಆ ಏದುಸಿರಲ್ಲೂ ನಗು ತಡೆಯೋಕಾಗಲಿಲ್ಲ.

ಎಲ್ಲರ ಕೈಯೂ ಗ್ರೀಸ್. ಪೇಪರ್ ಬಿಚ್ಚಿ ಜರಿ ಕಂಡದ್ದೇ ತಡ, ಯಾರೂ ಮುಟ್ಟಿಲ್ಲವಂತೆ. ಪೇಪರ್ ಸಮೇತ ಎತ್ತಿ, ಇಡೀ ಶೆಡ್ಡಿನಲ್ಲಿ ಎಣ್ಣೆ ತಾಗದ ಒಂದೇ ಜಾಗದಲ್ಲಿ, ಅಂದರೆ ಗಣೇಶನ ಫೋಟೋ ಮುಂದೆ ಇಟ್ಟಿದ್ದಾರೆ. ವಾರದ ಪೂಜೆಯೂ ಅಲ್ಲೇ ಆಗಿದೆ.

"ಎಣ್ಮಗಳ ಬಟ್ಟೆ. ಇವತ್ತೇ ಬೇಕಾಗಿರ್ತದೆ, ಯಾರಾದ್ರೂ ಬಂದೇ ಬತ್ತಾರೆ ಅಂತ ಬಾಗ್ಲು ಆಕ್ದೆ ಕೂತಿದ್ವಿ" ಅಂದರು ಕೃಷ್ಣಪ್ಪ. ಕೈ ಮುಗಿದು ಬ್ಲೌಸ್ ಇಸಕೊಂಡೆ. ತರಬೇಕಿದ್ದ ಗ್ಯಾಸ್ಕೆಟ್ ರೇಣುಕಾ ಮನೆಯಲ್ಲೇ ಬಿಟ್ಟು ಬಂದಿದ್ದು ನೆನಪಾದದ್ದೂ ಆಗಲೇ!

ವಾಪಸ್ ಬರುವಷ್ಟರಲ್ಲಿ ಬೀಗರು ಚಾಪೆ ಮೇಲೆ ಕೂತು ಚಾ ಕುಡಿಯುತ್ತಿದ್ದರು. ರೇಣುಕಾಳನ್ನ ನಮ್ಮ ಮನೆಯಲ್ಲೇ ರೆಡಿ ಮಾಡಿದೆ. ಬ್ಲೌಸ್ ಹಾಕಿಕೊಂಡು ಕನ್ನಡಿ ಮುಂದೆ ನಿಂತವಳ ಮುಖ ನೋಡಿದ ಮೇಲೆ ನನಗೆ ಜೀವ ಬಂತು.

ಹೂ ಮುಡಿಸುವಾಗ ಗಂಡಿನ ತಾಯಿ ಮೂಸಿ ನೋಡಿ, "ಊದಿನಕಡ್ಡಿ ವಾಸನಿ ಬರಾಕತ್ತೈತಿ! ಬ್ಲೌಸು ಪೂಜೆ ಮಾಡ್ಸಿ ತಂದೀರೇನವಾ?" ಅಂದರು, ಖುಷಿಯಿಂದ.

"ಹೌದ್ರೀ, ಗಣಪತಿ ಮುಂದೆ ಇಟ್ಟು ತಂದದ್ದು" ಅಂದೆ. ಸುಳ್ಳೇನಲ್ಲವಲ್ಲ! ರೇಣುಕಾ ತಲೆ ತಗ್ಗಿಸಿದ್ದು ನಾಚಿಕೆಗೆ ಅಂತ ಎಲ್ಲರೂ ಅಂದುಕೊಂಡರು, ನಗು ತಡೆಯೋಕೆ ಅಂತ ನನಗೆ ಮಾತ್ರ ಗೊತ್ತು.

ಭಾನುವಾರ ಅವಳೇ ಬಂದು ನನ್ನ ಬ್ಯಾಗ್ ಕಿತ್ತುಕೊಂಡು ಹೋದಳು. ವಾಪಸ್ ಬಂದಾಗ ಒಳಗೆ ನಡುವೆ ಗಟ್ಟಿಯಾಗಿ ಹೊಲಿದ ಒಂದು ಅಡ್ಡ ಬಟ್ಟೆ. "ಈ ಕಡೆ ಫ್ಯಾಕ್ಟರಿ, ಆ ಕಡೆ ಮನಿ. ಇನ್ ಕಲಸಬ್ಯಾಡ್ರಿ ಅಕ್ಕಾರ."

ಸೋಮವಾರ ಬೆಳಿಗ್ಗೆ ಗ್ಯಾಸ್ಕೆಟ್ ಮುಟ್ಟಿಸಿ, ಫ್ಯಾಕ್ಟರಿಯಲ್ಲಿ ಜಂಬದಿಂದ ಬ್ಯಾಗ್ ತೆರೆದು ತೋರಿಸಿದೆ. ನಂಜುಂಡಣ್ಣ ಬಗ್ಗಿ ನೋಡಿದರು, ಮುಖ ಅರಳಿತು.

"ಓ, ಎರಡು ಖಾನೆ ಆಯ್ತಾ! ಹಂಗಾದ್ರೆ ಇದೂ ಹಿಡಿಸುತ್ತೆ ಬಿಡಮ್ಮ, ಹೆಂಗೂ ಆ ಕಡೇನೇ ಹೋಗ್ತೀಯಲ್ಲ..."

ನಿಜ ಹೇಳಿ, ನಿಮ್ಮ ಬ್ಯಾಗಿನಲ್ಲಿ ನಿಮ್ಮ ಸಾಮಾನು ಎಷ್ಟಿದೆ?